ಗ್ವಾಲಿಯಾದ ಗಾಜಿನ ಪ್ಲೇಟುಗಳು: ನನ್ನ ಅನುಭವ

ನಾನು ಕೆಲಸಕ್ಕೆ ಹೋಗುವ ಊರಿನ ಹೆಸರು ಗ್ವಾಲಿಯಾ ಎಂದಾಗ ನನ್ನ ಹೆಂಡತಿ ಗ್ವಾಲಿಯರ್ ಎಂದೇ ಕೇಳಿಸಿಕೊಂಡಿದ್ದಳು. ನಮ್ಮ ಗ್ವಾಲಿಯರ್‌ಗೂ ಇದಕ್ಕೂ ಸಂಬಂಧವಿಲ್ಲ. ವೇಲ್ಸ್ ದೇಶಕ್ಕೆ ಅಲ್ಲಿಯವರು ಪ್ರೀತಿಯಿಂದ ಕರೆಯುವ ಹೆಸರಂತೆ ಅದು. ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ನಿಂದ ಎಂಟುನೂರು ಕಿಲೋಮೀಟರಿಗೂ ದೂರ, ಲಿಯೊನೋರಾ ಎಂಬ ಪುಟ್ಟ ಪಟ್ಟಣದ ಮಗ್ಗುಲಿಗೆ ಈ ಊರಿದೆ. 1896ರಲ್ಲಿ ಇಲ್ಲಿ ಚಿನ್ನ ಸಿಕ್ಕಿತು. ಮುಂದೊಂದು ದಿನ ಅಮೆರಿಕದ ಅಧ್ಯಕ್ಷನಾದ ಹರ್ಬರ್ಟ್ ಹೂವರ್ 1898ರಲ್ಲಿ ಇಲ್ಲಿನ ಗಣಿಗೆ ಮ್ಯಾನೇಜರ್ ಆಗಿದ್ದ. 1963ರ ಡಿಸೆಂಬರ್ ಕೊನೆಯಲ್ಲಿ ಗಣಿ ಮುಚ್ಚಿತು. ಸುಮಾರು 1,200 ಜನರಿದ್ದ ಊರಲ್ಲಿ ಮೂರೇ ವಾರಕ್ಕೆ ನಲವತ್ತು ಜನ ಉಳಿದಿದ್ದರು ಅನ್ನುತ್ತಾರೆ.

ನಾನು ಹುಟ್ಟಿದ್ದು ಕೆಜಿಎಫ್‌ನಲ್ಲಿ. ಗಣಿ ಮುಚ್ಚಿದ ಊರು ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. 2001ರ ಫೆಬ್ರವರಿ 28ರ ಸಂಜೆ ನಮ್ಮಪ್ಪ ಊಟದ ಡಬ್ಬಿಯನ್ನು ತೊಳೆಯದೆ ಮೂಲೆಗಿಟ್ಟಿದ್ದು ಇನ್ನೂ ಕಣ್ಣ ಮುಂದಿದೆ. ಹಾಗಾಗಿ ರಜೆಯ ದಿನವೊಂದರಲ್ಲಿ ಆ ಊರಿನ ಹಳೆಯ ವಸ್ತುಗಳನ್ನು ಕಾಪಾಡುವ ಕೆಲವರು, "ಒಂದು ಪೆಟ್ಟಿಗೆ ಗಾಜಿನ ನೆಗೆಟಿವ್ ಇದೆ, ಸ್ಕ್ಯಾನ್ ಮಾಡಿಕೊಡುತ್ತೀಯಾ" ಎಂದಾಗ ಹಿಂದೆಮುಂದೆ ನೋಡದೆ ಒಪ್ಪಿದೆ. ನನಗೆ ಫೋಟೊ ಹುಚ್ಚು ಇತ್ತೇ ಹೊರತು, ಫಿಲ್ಮಿನ ಬದಲು ಗಾಜಿನ ಮೇಲೆ ಚಿತ್ರ ಮೂಡಿಸುತ್ತಿದ್ದ ಆ ಹಳೆಯ ಪ್ಲೇಟನ್ನು ಅದುವರೆಗೆ ಕೈಯಲ್ಲಿ ಹಿಡಿದವನೂ ಅಲ್ಲ.

ಪೆಟ್ಟಿಗೆಯಲ್ಲಿ ನೂರನಲವತ್ತು ಚಿಲ್ಲರೆ ಪ್ಲೇಟುಗಳಿದ್ದವು. ಹೆಚ್ಚಿನವು ಹಾಫ್ ಪ್ಲೇಟ್, ಅಂದರೆ ನಾಲ್ಕೂಮುಕ್ಕಾಲು ಅಂಗುಲಕ್ಕೆ ಆರೂವರೆ ಅಂಗುಲ. ಒಂದರ ಮೇಲೊಂದು ಮಲಗಿಸಿಟ್ಟಿದ್ದರು. ಹಾಗಿಡಲೇಬಾರದು. ಮೇಲಿನವುಗಳ ಭಾರಕ್ಕೆ ಕೆಳಗಿನವು ಸೀಳುತ್ತವೆ. ಉದ್ದನೆಯ ಅಂಚಿನ ಮೇಲೆ, ಪುಸ್ತಕದ ಹಾಗೆ ನಿಲ್ಲಿಸಬೇಕು. ಒಂದೊಂದನ್ನೂ ನಾಲ್ಕು ಮಡಿಕೆಯ ಆಮ್ಲರಹಿತ ಕಾಗದದಲ್ಲಿ ಸುತ್ತಬೇಕು. ಹತ್ತಿಯ ಕೈಗವಸು ಗಾಜಿನ ಮೇಲೆ ಜಾರುತ್ತದೆ, ಅದಕ್ಕೆ ನೈಟ್ರೈಲ್ ಗವಸು ಹಾಕಿಕೊಂಡೆ. ಇನ್ನು ಅಲ್ಲಿನ ಕೆಂಧೂಳು! ಹಿಟ್ಟಿನಷ್ಟು ನಯ, ಕಾಗದದ ಮಡಿಕೆಯೊಳಗೂ ನುಗ್ಗಿರುತ್ತದೆ. ಗಾಜಿನ ಬದಿಯನ್ನು ಡಿಸ್ಟಿಲ್ಡ್ ನೀರು ತಾಗಿಸಿದ ಹತ್ತಿಯಿಂದ ಒರೆಸಬಹುದು. ಚಿತ್ರ ಮೂಡಿರುವ ಜೆಲಟಿನ್ ಲೇಪದ ಬದಿಗೆ ಮಾತ್ರ ಗಾಳಿಯೂದುವ ರಬ್ಬರ್ ಬುಗ್ಗೆ ಬಿಟ್ಟು ಬೇರೇನನ್ನೂ ತಾಗಿಸುವಂತಿಲ್ಲ. ಅಲ್ಲಿ ಒಂದು ಸಲ ಬೆರಳಿಟ್ಟರೆ ಆ ಗುರುತು ನಿಮ್ಮದೇ, ಶಾಶ್ವತವಾಗಿ.

ಸ್ಕ್ಯಾನರ್ ನನ್ನಲ್ಲಿರಲಿಲ್ಲ. ಸಮವಾಗಿ ಬೆಳಕು ಕೊಡುವ ಎಲ್‌ಇಡಿ ಫಲಕದ ಮೇಲೆ ಪ್ಲೇಟ್ ಇಟ್ಟು, ಮೇಲಿಂದ ಸ್ಟ್ಯಾಂಡಿಗೆ ಕಟ್ಟಿದ ಕ್ಯಾಮೆರಾದಲ್ಲಿ ಮ್ಯಾಕ್ರೊ ಲೆನ್ಸ್ ಹಾಕಿ ತೆಗೆದೆ. ಲೇಪದ ಬದಿ ಲೆನ್ಸಿನತ್ತ ಇದ್ದರೆ ವಿವರ ಚೆನ್ನಾಗಿ ಬರುತ್ತದೆ. ಆದರೆ ಚಿತ್ರ ಎಡಬಲ ತಿರುವಾಗಿ ಬರುವುದರಿಂದ ಆಮೇಲೆ ಕಂಪ್ಯೂಟರಿನಲ್ಲಿ ಅದನ್ನು ಮಗುಚಬೇಕು.

ನಾನು ಎಡವಿದ್ದು ಅಲ್ಲೇ. ರಾತ್ರಿ ಶಿಫ್ಟ್ ಮುಗಿಸಿ ಬಂದು ತೂಕಡಿಸುತ್ತಾ ಕೂತವನು ಕೆಲವು ಪ್ಲೇಟುಗಳನ್ನು ಲೇಪ ಕೆಳಗಾಗಿ ಇಟ್ಟುಬಿಟ್ಟಿದ್ದೆ. ಕೊನೆಗೆ ಎಲ್ಲ ಫೈಲುಗಳನ್ನೂ ಒಂದೇ ಆಜ್ಞೆಯಲ್ಲಿ ಮಗುಚಿದೆ. ಸರಿಯಾಗಿದ್ದವೇ ಉಲ್ಟಾ ಆದವು. ಅಂಗಡಿಯ ಬೋರ್ಡು ಇದ್ದ ಚಿತ್ರಗಳಲ್ಲಿ ಅಕ್ಷರ ನೋಡಿದ ಕೂಡಲೇ ತಪ್ಪು ಗೊತ್ತಾಯಿತು. ಬೋರ್ಡಿಲ್ಲದವು ಹಾಗೇ ಉಳಿದವು, ಅವುಗಳನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೂ ಏರಿಸಿದೆವು. ಆ ಊರಿನಲ್ಲೇ ಬೆಳೆದಿದ್ದ ಇಟಾಲಿಯನ್ ಮೂಲದ ಮುದುಕರೊಬ್ಬರು ಬಂದು, ಕೋಲಿನ ತುದಿಯಿಂದ ತೋರಿಸಿ, "ಹೆಡ್‌ಫ್ರೇಮ್ ಯಾಕಪ್ಪ ಆ ಕಡೆ ವಾಲಿದೆ?" ಎಂದರು.

ಗ್ವಾಲಿಯಾದ ಶಾಫ್ಟ್, ಅಂದರೆ ಗಣಿಗಿಳಿಯುವ ಬಾವಿ, ನೆಟ್ಟಗೆ ಇಳಿಯುವುದಿಲ್ಲ, ಅದಿರಿನ ಪದರವನ್ನು ಹಿಡಿದುಕೊಂಡು ಓರೆಯಾಗಿ ಹೋಗುತ್ತದೆ. ಅದರ ಬಾಯಿಯ ಮೇಲೆ ನಿಂತು, ಹಗ್ಗದಿಂದ ಜನರನ್ನೂ ಅದಿರನ್ನೂ ಏರಿಸಿ ಇಳಿಸುವ ಮರದ ಗೋಪುರವಾದ ಹೆಡ್‌ಫ್ರೇಮೂ ಅದಕ್ಕೆ ತಕ್ಕ ಹಾಗೆ ಓರೆ. ಕೆಜಿಎಫ್‌ನಲ್ಲಿ ನಾವು ಹೆಡ್‌ಗಿಯರ್ ಅನ್ನುತ್ತಿದ್ದುದನ್ನೇ ಇವರು ಹೆಡ್‌ಫ್ರೇಮ್ ಅನ್ನುತ್ತಾರೆ, ಹಳಬರ ಬಾಯಲ್ಲಿ ಅದು ಪಾಪೆಟ್ ಹೆಡ್. ಹೆಡ್‌ಗಿಯರ್ ನೆರಳಿನಲ್ಲೇ ಬೆಳೆದ ನನಗೆ ಈ ಓರೆ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಆವತ್ತು ಬಹಳ ನಾಚಿಕೆಯಾಯಿತು. ಈಗ ಪ್ರತಿ ಪ್ಲೇಟನ್ನೂ ದೀಪದ ಓರೆ ಬೆಳಕಿಗೆ ಹಿಡಿಯುತ್ತೇನೆ: ಹೊಳೆಯುವುದು ಗಾಜು, ಮಂಕಾದದ್ದು ಲೇಪ. ಅದೂ ಸಾಲದಾದರೆ ಗಂಡಸರ ಕೋಟು ನೋಡುತ್ತೇನೆ. ಎಡ ಮಡಿಲು ಬಲದ ಮೇಲೆ ಬಂದು, ಗುಂಡಿಗಳು ತೊಟ್ಟವನ ಬಲಗಡೆ ಇದ್ದರೆ ಚಿತ್ರ ಸರಿಯಾಗಿದೆ ಎಂದರ್ಥ.

ಇನ್ನೊಂದು ತಪ್ಪು ಗೊತ್ತಾಗಲು ಮಾತ್ರ ತಿಂಗಳುಗಳೇ ಹಿಡಿದವು. ಚಿತ್ರಗಳಲ್ಲಿ ನೆಲ ತೀರಾ ಕಪ್ಪಗಿತ್ತು, ಆಕಾಶ ಬರಿ ಬಿಳಿ. ಪ್ಲೇಟ್ ಹಾಳಾಗಿದೆ ಅಂದುಕೊಂಡು ನೆಲವನ್ನೆಲ್ಲ ತಿಳಿಮಾಡಿದೆ. ಆದರೆ ಆ ಕಾಲದ ಲೇಪಕ್ಕೆ ಕೆಂಪು ಕಾಣಿಸುತ್ತಲೇ ಇರಲಿಲ್ಲ, ಅದು ಅತಿಯಾಗಿ ಮೈಗೂಡಿಸಿಕೊಳ್ಳುತ್ತಿದ್ದುದು ನೀಲಿಯನ್ನು. ಅಲ್ಲಿನ ಮಣ್ಣು ಕುಂಕುಮದ ಕೆಂಪು, ಹಾಗಾಗಿ ಕಪ್ಪಗೆ ಬರುತ್ತದೆ. ಮೋಡವಿಲ್ಲದ ನೀಲಿ ಆಕಾಶ ಬೆಳ್ಳಗಾಗುತ್ತದೆ. ಬಿಸಿಲಿಗೆ ಕೆಂಪೇರಿದ ಐರಿಷ್ ಮುಖವೂ ಕಪ್ಪಿಟ್ಟಂತೆ ಕಾಣುತ್ತದೆ. ಅಂದಮೇಲೆ ಮುಖದ ಬಣ್ಣ ನೋಡಿ ಇವನು ಇಂಥ ಜನದವನು ಎಂದು ಚಿತ್ರಗಳ ಪಟ್ಟಿಯಲ್ಲಿ ಬರೆಯಬಾರದು. ನಾನು ಬರೆದಿದ್ದೆ. ಮೂರು ಕಡೆ ಹೊಡೆದುಹಾಕಿದೆ.

ಪ್ಲೇಟಿನ ಲಕೋಟೆಗಳ ಮೇಲಿನ ಒಕ್ಕಣೆಯನ್ನಂತೂ ಕಣ್ಣುಮುಚ್ಚಿ ನಂಬುವ ಹಾಗೇ ಇಲ್ಲ. ಪೇಟ ಸುತ್ತಿ ಒಂಟೆಯ ಮೂಗಿನ ಹಗ್ಗ ಹಿಡಿದವರೆಲ್ಲ ಅಲ್ಲಿ "ಅಫ್ಘನ್". 1866ರಲ್ಲಿ ಕರಾಚಿಯಿಂದ ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಅಗಸ್ಟಾಕ್ಕೆ ನೂರಕ್ಕೂ ಹೆಚ್ಚು ಒಂಟೆಗಳು ಬಂದಿಳಿದ ಮೇಲೆ ಈ ಮರುಭೂಮಿಯ ಸಾಗಾಟ ಬಹುಮಟ್ಟಿಗೆ ಅವರ ಕೈಯಲ್ಲೇ ನಡೆಯಿತು. 1890ರ ದಶಕದಲ್ಲಿ ಇದೇ ಪಶ್ಚಿಮ ಆಸ್ಟ್ರೇಲಿಯಾದ ಕೂಲ್ಗಾರ್ಡಿಯಲ್ಲಿ ಚಿನ್ನದ ಗದ್ದಲ ಎದ್ದಾಗ ಅಕ್ಕಿ, ಹಿಟ್ಟು, ತಗಡು, ಪಿಯಾನೊ ಎಲ್ಲವೂ ಒಂಟೆಯ ಬೆನ್ನೇರಿ ಬಂದವು. ಬಂದವರಲ್ಲಿ ಪಠಾಣರು, ಬಲೂಚಿಗಳು, ಪಂಜಾಬಿಗಳು, ಸಿಂಧಿಗಳು ಎಲ್ಲರೂ ಇದ್ದರು. ಒಂದು ಪ್ಲೇಟಿನಲ್ಲಿ ಹೀಗೊಬ್ಬ, ಹತ್ತೊಂಬತ್ತು ಒಂಟೆಗಳ ಸಾಲಿನ ಮುಂದೆ ನಿಂತಿದ್ದಾನೆ. ಪೇಟ ನೋಡಿ ಊರು ಹೇಳುವ ವಿದ್ಯೆ ನನಗಿಲ್ಲ. ಆದ್ದರಿಂದ ಲಕೋಟೆಯಲ್ಲಿದ್ದ ಪದವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು, ಪಟ್ಟಿಯ ಪಕ್ಕದ ಕಾಲಂನಲ್ಲಿ "ಒಂಟೆ ಸಾಗಾಟದವನು" ಎಂದಷ್ಟೇ ಬರೆದೆ. ಹಳೆಯ ಒಕ್ಕಣೆಯನ್ನು ಅಳಿಸುವುದಿಲ್ಲ, ತಿದ್ದುವುದೂ ಇಲ್ಲ. ನನ್ನ ಮಾತಿಗೆ ಬೇರೆಯದೇ ಕಾಲಂ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ಲೇಟಿನಲ್ಲಿ ಮನುಷ್ಯರೇ ಇಲ್ಲ, ಬರಿ ಒಂದು ಅಡುಗೆಮನೆ. ಗೋಡೆಯೆಂದರೆ ಮರದ ಚೌಕಟ್ಟಿಗೆ ಬಿಗಿದು ಸುಣ್ಣ ಬಳಿದ ಗೋಣಿತಾಟು, ಹೊರಗಡೆ ಸುಕ್ಕುತಗಡು. ಮೂಲೆಯಲ್ಲಿ ಕೂಲ್ಗಾರ್ಡಿ ಸೇಫ್ ಎನ್ನುವ ತಂಪು ಗೂಡು. ನಾಲ್ಕು ಕಾಲಿನ ಚೌಕಟ್ಟು, ಸುತ್ತ ಗೋಣಿ, ನೆತ್ತಿಯ ಮೇಲೆ ನೀರಿನ ತಟ್ಟೆ. ತಟ್ಟೆಯಿಂದ ಬಟ್ಟೆಯ ಪಟ್ಟಿಗಳ ಮೂಲಕ ನೀರು ಗೋಣಿಗಿಳಿದು ಗಾಳಿಗೆ ಆರುತ್ತಾ ಒಳಗಿನ ಬೆಣ್ಣೆ ಮಾಂಸವನ್ನು ತಂಪಾಗಿಡುತ್ತದೆ. ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ ನಾಲ್ಕು ಕಾಲುಗಳೂ ನೀರು ತುಂಬಿದ ಜಾಮ್ ಡಬ್ಬಿಗಳಲ್ಲಿ ನಿಂತಿವೆ, ಇರುವೆ ಹತ್ತದಿರಲಿ ಎಂದು. ನಮ್ಮಜ್ಜಿ ಹಾಲಿನ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿ ಇಡುತ್ತಿದ್ದ ಹಾಗೆಯೇ. ಒಂದು ಡಬ್ಬಿಯ ಲೇಬಲ್ ಅರ್ಧ ಓದಲು ಬರುತ್ತದೆ. ಆ ಅರ್ಧ ಲೇಬಲ್ ಹಿಡಿದು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಎಂಬ ಜಾಲತಾಣದಲ್ಲಿ ಹಳೆಯ ಪತ್ರಿಕೆಗಳ ಜಾಹೀರಾತು ತಡಕುತ್ತಾ ಒಂದು ಭಾನುವಾರವನ್ನೇ ಕಳೆದೆ, ಏನೂ ಸಿಗಲಿಲ್ಲ. ಆದರೂ ಟ್ರೋವ್ ಇರದಿದ್ದರೆ ಈ ಕೆಲಸದ ಅರ್ಧವೂ ಆಗುತ್ತಿರಲಿಲ್ಲ. ಊರಿನ ಸೈಕಲ್ ರೇಸು, ಮದುವೆ, ಬೆಂಕಿ ಅನಾಹುತ ಎಲ್ಲ ಅದರಲ್ಲಿ ಪುಕ್ಕಟೆ ಸಿಗುತ್ತವೆ.

ಇನ್ನು ಅಂಚುಗಳ ವಿಷಯ. ಮೊದಮೊದಲು ನಾನು ಚಿತ್ರದ ಅಂಚು ಕತ್ತರಿಸಿ ಅಚ್ಚುಕಟ್ಟು ಮಾಡುತ್ತಿದ್ದೆ. ಅಂಚಿನಲ್ಲೇ ಲೇಪ ಎದ್ದಿರುತ್ತದೆ, ಕಲೆ ಇರುತ್ತದೆ. ಒಂದು ದಿನ ಈ ಸೀಮೆಯ ಮೂಲನಿವಾಸಿಗಳಾದ ವಾಂಗಾಥಾ ಜನಾಂಗದ ಹಿರಿಯ ಹೆಂಗಸೊಬ್ಬರು ಚಿತ್ರ ನೋಡಲು ಬಂದರು. ಅವರಲ್ಲಿ ಹಿರಿಯ ಹೆಂಗಸರನ್ನು ಎಲ್ಲರೂ ಆಂಟಿ ಎಂದೇ ಕರೆಯುತ್ತಾರೆ. ನಮ್ಮ ಬಾಯಿಗೆ ಅದೇನು ಹೊಸದೇ? ಮನುಷ್ಯರ ಚಿತ್ರ ತೆರೆಯುವ ಮುಂಚೆ, ತೀರಿಹೋದವರ ಮುಖ ಇರಬಹುದು ಎಂದು ಮೊದಲೇ ಹೇಳಬೇಕು. ಅಲ್ಲಿ ತೀರಿಹೋದವರ ಹೆಸರನ್ನು ಬಾಯಲ್ಲಿ ಆಡುವುದಕ್ಕೂ ಕಟ್ಟುಪಾಡಿದೆ. ಅದನ್ನು ಯಾರೋ ಮೊದಲೇ ನನಗೆ ತಿಳಿಸಿದ್ದರು, ಸದ್ಯ. ಹೇಳಿದೆ, ಅವರು ತಲೆಯಾಡಿಸಿದರು.

ಸೌದೆ ರಾಶಿಯ ಬಳಿ ನಾಲ್ಕು ಜನ ನಿಂತ ಚಿತ್ರವದು. ಲಕೋಟೆಯಲ್ಲಿ ಗ್ವಾಲಿಯಾ ಎಂದಿತ್ತು. ಆಂಟಿ ಮನುಷ್ಯರನ್ನು ನೋಡಲೇ ಇಲ್ಲ. "ಪೂರ್ತಿ ತೋರಿಸು" ಎಂದರು. ನಾನು ಕತ್ತರಿಸದ ಫೈಲು ತೆರೆದೆ. ಎಡ ಅಂಚಿನಲ್ಲಿ, ನಾನು ಕಲೆಯೆಂದು ತೆಗೆದಿದ್ದ ಜಾಗದಲ್ಲಿ, ಮೇಲೆ ಚಪ್ಪಟೆಯಾಗಿ ಪಕ್ಕಕ್ಕೆ ಥಟ್ಟನೆ ಕಡಿದ ದಿಣ್ಣೆಯೊಂದರ ಸಾಲು ಇತ್ತು. ಇಲ್ಲಿನವರು ಅಂಥದ್ದಕ್ಕೆ ಬ್ರೇಕ್‌ಅವೇ ಅನ್ನುತ್ತಾರೆ. "ಇದು ಗ್ವಾಲಿಯಾ ಅಲ್ಲ. ಮೌಂಟ್ ಮಾರ್ಗರೆಟ್ ಕಡೆ" ಎಂದರು. ಅಲ್ಲಿ 1921ರಿಂದ ಒಂದು ಕ್ರೈಸ್ತ ಮಿಷನ್ ಇತ್ತು. ಮೂಲನಿವಾಸಿ ಮಕ್ಕಳನ್ನು ಮನೆಯವರಿಂದ ಕಿತ್ತುಕೊಳ್ಳಲು, ಜನರನ್ನು ಪಟ್ಟಣಗಳಿಂದ ಹೊರಗಿಡಲು 1905ರ ಕಾಯ್ದೆಯೊಂದು ಸರ್ಕಾರಕ್ಕೆ ಅಧಿಕಾರ ಕೊಟ್ಟಿದ್ದ ಕಾಲ. ಆಮೇಲೆ ಆಂಟಿ ಪರದೆಯತ್ತ ಬಾಗಿದರು. ಬಲತುದಿಯಲ್ಲಿದ್ದ ಹೆಂಗಸಿನ ಮುಖದ ಮೇಲೆ ತಮ್ಮ ಹೆಬ್ಬೆರಳಿಟ್ಟು ಮುಚ್ಚಿ ಸುಮ್ಮನೆ ಕೂತರು. ಯಾರೆಂದು ನಾನು ಕೇಳಲಿಲ್ಲ. "ಇದನ್ನ ಇಂಟರ್ನೆಟ್ಟಿಗೆ ಹಾಕಬೇಡ. ನನಗೊಂದು ಪ್ರಿಂಟ್ ಕೊಡು, ದೊಡ್ಡದು" ಎಂದರು. ಕೊಟ್ಟೆ. ಆ ಫೈಲಿಗೆ ಬೀಗ ಹಾಕಿದೆ. ಅವತ್ತಿನಿಂದ ಗಾಜಿನ ನಾಲ್ಕೂ ಅಂಚು, ಒಡೆದ ಮೂಲೆ, ಛಾಯಾಗ್ರಾಹಕ ಗೀಚಿದ ನಂಬರು ಎಲ್ಲ ಕಾಣುವ ಹಾಗೆಯೇ ಮೂಲ ಪ್ರತಿ ಉಳಿಸುತ್ತೇನೆ.

ಊರು ಯಾವುದೆಂದು ತಿಳಿಯದ ಹದಿಮೂರು ಪ್ಲೇಟುಗಳು ಉಳಿದವು. ಅವುಗಳಲ್ಲಿ ಒಂದು ಸಣ್ಣ ಗಣಿಯದು: ನೆಟ್ಟಗಿನ ಮರದ ಹೆಡ್‌ಫ್ರೇಮ್, ಪಕ್ಕದಲ್ಲಿ ಕೇಜನ್ನು, ಅಂದರೆ ಜನ ಇಳಿಯುವ ತೊಟ್ಟಿಲನ್ನು, ಎಳೆಯುವ ಎಂಜಿನ್ ಇರುವ ತಗಡಿನ ವೈಂಡಿಂಗ್ ಮನೆ. ನಮ್ಮಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದವರು. ಈಗ ಬಂಗಾರಪೇಟೆಯಲ್ಲಿದ್ದಾರೆ. ಅವರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಹತ್ತೇ ನಿಮಿಷಕ್ಕೆ ಫೋನ್ ಬಂತು.

"ಕೇಜ್ ಮೇಲೇ ನಿಂತೈತಲ್ಲೋ. ಚಿಮಣೀಲಿ ಹೊಗೆ ಇಲ್ಲ. ಕೆಲ್ಸ ನಿಂತೋಗೈತೆ."

"ಭಾನುವಾರ ಇರಬೇಕು ಅಪ್ಪ."

"ಭಾನುವಾರ ಆದ್ರೆ ನೀರು ಬರಲ್ವಾ ಒಳಗೆ? ಪಂಪ್ ಓಡ್ಬೇಕು, ಬಾಯ್ಲರ್ ಉರೀಬೇಕು. ಇದು ಮುಷ್ಕರ, ಇಲ್ಲಾ ಗಣಿ ಮುಚ್ಚವ್ರೆ."

ನಾನು ಹಾಗೇ ಬರೆದುಕೊಂಡೆ, ಅಪ್ಪನ ಹೆಸರಿನ ಮುಂದೆ, ನನ್ನ ಕಾಲಂನಲ್ಲಿ. ಆಗ ಅವರು ಶಾಫ್ಟ್ ಬಾಯಿಯ ಪಕ್ಕದ ಹಲಗೆಯ ಕಡೆ ಗಮನ ಸೆಳೆದರು. ನಾನು ಅದನ್ನು ಯಾವುದೋ ನೋಟೀಸು ಅಂದುಕೊಂಡಿದ್ದೆ.

"ಬೆಲ್ ಬೋರ್ಡು ಕಣೋ ಅದು. ದೊಡ್ಡದು ಮಾಡು. ಮೂರು ಬೆಲ್ಲಿಗೆ ಏನು ಬರ್ದವ್ರೆ?"

ಎಷ್ಟು ಬೆಲ್ ಹೊಡೆದರೆ ಎಂಜಿನ್ ಡ್ರೈವರಿಗೆ ಏನು ಸೂಚನೆ ಎಂದು ಬರೆದ ಹಲಗೆ ಅದು. ಹಿಗ್ಗಿಸಿದೆ. ಮೇಲಿನ ಸಾಲುಗಳು ಮಸುಕು. ಮೂರನೆಯದು ಹೇಗೋ ಓದಲು ಬಂತು.

"ಮನುಷ್ಯರು ಅಂತ ಇದೆ ಅಪ್ಪ."

"ನಮ್ದೂ ಅದೇ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅದನ್ನ ಒಂದು ಪ್ರಿಂಟ್ ಹಾಕ್ಸಿ ಕಳ್ಸು. ಬೋರ್ಡು ಕಾಣೋ ಹಂಗೆ."