ಹಾರದೆ ಕೂತ ಜೇನು

ಮಳೆ ಹಿಂದಾದ ಮೇಲೆ ನಮ್ಮ ಹಿತ್ತಲ ತುಂಬಾ ತುಂಬೆ ಹೂ. ಜೇನು ಪೆಟ್ಟಿಗೆ ಇಟ್ಟವರಿಗೆ ಅದಕ್ಕಿಂತ ಖುಷಿ ಇಲ್ಲ. ಒಂದು ಬೆಳಿಗ್ಗೆ ಮೊಬೈಲಿಗೆ ಕ್ಲಿಪ್ ಲೆನ್ಸ್ ಸಿಕ್ಕಿಸಿಕೊಂಡು ಹೋದೆ. ತುಡುವೆ ಜೇನೊಂದು ಹೂವಿನಲ್ಲಿ ತಲೆಯಿಟ್ಟು ಕೂತಿತ್ತು. ಎಷ್ಟು ಹತ್ತಿರ ಹೋದರೂ ಹಾರಲಿಲ್ಲ. ಇವತ್ತು ಅದೃಷ್ಟ ಚೆನ್ನಾಗಿದೆ ಅಂದುಕೊಂಡು ಹತ್ತು ಫೋಟೊ ತೆಗೆದೆ.

ಮನೆಗೆ ಬಂದು ಫೋಟೊ ದೊಡ್ಡದು ಮಾಡಿದಾಗ ಗೊತ್ತಾಯಿತು. ತುಂಬೆಯ ಎಸಳು ಅಂದುಕೊಂಡಿದ್ದು ಜೇಡದ ಹೊಟ್ಟೆ! ಹಾಲುಬಿಳಿ ಏಡಿ ಜೇಡ, ಜೇನಿನ ಕತ್ತಿಗೆ ಬಾಯಿ ಹಾಕಿ ಕೂತಿದೆ.

ಆಮೇಲೆ ಅದನ್ನು ಹುಡುಕುವ ಚಟ ಹತ್ತಿತು. ಜೇಡವನ್ನೇ ಹುಡುಕಿದರೆ ಸಿಗುವುದಿಲ್ಲ. ಬೇರೆ ಜೇನು ಎರಡು ಮೂರು ಸೆಕೆಂಡಿಗೆ ಹೂ ಬದಲಿಸುವಾಗ, ಒಂದೇ ಕಡೆ ಅಂಟಿಕೊಂಡದ್ದು ಯಾವುದು ಅಂತ ನೋಡಬೇಕು. ಅದರ ಕೆಳಗೆ ಜೇಡ ಇರುತ್ತದೆ. ನೆರಳು ಮಾತ್ರ ಬೀಳಿಸಬಾರದು. ಬಿತ್ತೋ, ಏಡಿಯ ಹಾಗೆ ಅಡ್ಡಡ್ಡ ಸರಿದು ಹೂವಿನ ಹಿಂದೆ ಹೋಗುತ್ತದೆ.

ಒಮ್ಮೆ ಬೇಟೆಯನ್ನೇ ನೋಡಿದೆ. ಮುಕ್ಕಾಲು ಗಂಟೆ ಕುಕ್ಕರಗಾಲಲ್ಲಿ ಕೂತಿದ್ದೆ, ಮಂಡಿ ಹಿಡಿದುಕೊಂಡಿತ್ತು. ಈ ಜೇಡ ಬೇಟೆಗೆ ಬಲೆ ಹೆಣೆಯುವುದಿಲ್ಲ. ಮುಂದಿನ ಎರಡು ಜೊತೆ ಉದ್ದ ಕಾಲನ್ನು ಅಪ್ಪಿಕೊಳ್ಳುವವರ ಹಾಗೆ ಅಗಲಿಸಿ ಸುಮ್ನೆ ಕೂರುತ್ತದೆ. ಜೇನು ಇಳಿಯಿತು, ಕಾಲು ಮುಚ್ಚಿತು, ಅಷ್ಟೇ. ವಿಷ ಏರಿದ ಮೇಲೆ ಒಳಗಿನ ರಸವನ್ನಷ್ಟೇ ಹೀರುತ್ತದೆ, ಅಗಿಯುವ ಹಲ್ಲು ಅದಕ್ಕಿಲ್ಲ. ಹಾಗಾಗಿ ಗಿಡದ ಬುಡದಲ್ಲಿ ಬಿದ್ದ ಜೇನು ರೆಕ್ಕೆ ಸಮೇತ ಇಡಿಯಾಗಿತ್ತು. ಕೈಗೆ ತಗೊಂಡರೆ ಭತ್ತದ ಹೊಟ್ಟಿನಷ್ಟು ಹಗುರ.

ಏಡಿ ಜೇಡಗಳಲ್ಲಿ ಕೆಲವು ಹೂವಿಗೆ ತಕ್ಕಂತೆ ಬಿಳಿಯಿಂದ ಹಳದಿಗೆ ತಿರುಗುತ್ತವೆ, ಅದಕ್ಕೆ ಹಲವು ದಿನ ಬೇಕು. ಅದನ್ನೂ ನೋಡೋಣ ಅಂತ ಒಂದನ್ನು ಹಳದಿ ಚೆಂಡುಹೂವಿಗೆ ಬಿಟ್ಟೆ. ಮಾರನೇ ದಿನ ನೋಡಿದರೆ ಆಸಾಮಿ ನಾಪತ್ತೆ.

ನಮ್ಮ ಕಣ್ಣಿಗೆ ಕಾಣದ್ದು ಜೇನಿಗೂ ಕಾಣುವುದಿಲ್ಲ ಅಂತ ನಂಬಿದ್ದೆ. ಅದೂ ಪೂರ್ತಿ ಸರಿಯಲ್ಲ. ಜೇನಿಗೆ ನೇರಳಾತೀತ ಬೆಳಕೂ ಕಾಣುತ್ತದೆ. 2003ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಬಿಳಿ ಡೇಸಿ ಮೇಲಿನ ಬಿಳಿ ಏಡಿ ಜೇಡ ಆ ಬೆಳಕಲ್ಲಿ ಎದ್ದು ಕಾಣುತ್ತಿತ್ತು. ಆದರೂ ಯುರೋಪಿನಿಂದ ಬಂದ ಜೇನುಗಳು ಜೇಡ ಕೂತ ಹೂವಿಗೇ ಜಾಸ್ತಿ ಹೋದವು! ಅಲ್ಲಿನ ನಾಡಜೇನುಗಳು ಹತ್ತಿರ ಬಂದರೂ ಇಳಿಯಲು ಹಿಂಜರಿಯುತ್ತಿದ್ದವು ಅಂತ ಆಮೇಲಿನ ಪ್ರಯೋಗದಲ್ಲಿ ಕಂಡಿತು. ನಮ್ಮ ತುಡುವೆ ಏನು ಮಾಡುತ್ತದೋ ಅಂತ ಈಗ ಎಣಿಸುತ್ತಾ ಕೂರುತ್ತೇನೆ.

‘ನಿನ್ನ ಜೇನು ತಿನ್ನೋದನ್ನ ನೀನೇ ಕೂತು ನೋಡ್ತೀಯಲ್ಲೋ’ ಅಂತ ಅಮ್ಮ ಬೈಯುತ್ತಾಳೆ. ಪೆಟ್ಟಿಗೆಯಲ್ಲಿ ಸಾವಿರಾರು ಇವೆ ಅಮ್ಮಾ, ಅಂದೆ. ಕಾಫಿ ಲೋಟ ಕಟ್ಟೆಯ ಮೇಲಿಟ್ಟು ಅವಳೂ ಬಗ್ಗಿ ನೋಡಿದಳು. ನೆರಳು ಬಿತ್ತು, ಜೇಡ ಹಿಂದೆ ಸರಿಯಿತು.