ರೂಟರ್ ಹಿಂದಿನ ಫೋನ್ ತೂತು

ನಮ್ಮ ತೋಟ ಮೂಡಿಗೆರೆ ಹತ್ತಿರ. ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ ಬೇಕಂದ್ರೆ ಕೊಡೆ ಹಿಡಿದು ಕಾಫಿ ಕಣದ ಮೂಲೆಗೆ ಹೋಗಬೇಕು. ಹಾಗಾಗಿ ಫೈಬರ್ ಬಂದಾಗ ನನಗೆ ಜಾಸ್ತಿ ಖುಷಿ ಕೊಟ್ಟದ್ದು ರೂಟರ್ ಹಿಂದೆ ಲ್ಯಾಂಡ್‌ಲೈನ್ ಫೋನ್ ಚುಚ್ಚಲು ಇದ್ದ ಎರಡು ಪುಟ್ಟ ತೂತುಗಳು: 'ಟೆಲ್ 1', 'ಟೆಲ್ 2'.

ಮೊದಲು ತೂತು ಗುರುತಿಸಿ. ಕಂಪ್ಯೂಟರ್ ಕೇಬಲ್ ಹಾಕುವ ಲ್ಯಾನ್ ಪೋರ್ಟ್ ಅಗಲ, ಫೋನಿನ ತೂತು (ಆರ್‌ಜೆ-11) ಸಣ್ಣದು. ಆದರೆ ಫೋನಿನ ಪಿನ್ನು ಲ್ಯಾನ್ ಪೋರ್ಟ್ ಒಳಗೂ ಹೋಗಿ ಕೂರುತ್ತದೆ. ತೋಟದ ಲೆಕ್ಕ ನೋಡುವ ನಮ್ಮ ರೈಟರ್ ಹಾಗೇ ಹಾಕಿ, 'ಫೋನ್ ಸತ್ತಿದೆ' ಅಂತ ಇಡೀ ದಿನ ಸುಮ್ನೆ ಕೂತಿದ್ದರು. ಸರಿಯಾದ ತೂತಿಗೆ ಹಾಕಿದರೂ ಡಯಲ್ ಟೋನ್ ಬರದಿದ್ದರೆ ಟೆಲ್ 1ರಲ್ಲೇ ನೋಡಿ. ನಂಬರ್ ಒಂದೇ ಇದ್ದರೆ ಸಾಮಾನ್ಯವಾಗಿ ಅದಕ್ಕೇ ಕೊಟ್ಟಿರುತ್ತಾರೆ. ರೂಟರ್ ಒಳಗೆ ಎಸ್‌ಐಪಿ ಅಕೌಂಟ್ (ಇಂಟರ್ನೆಟ್ ಮೂಲಕ ಕರೆ ಮಾಡಲು ಬೇಕಾದ ನಿಮ್ಮ ನಂಬರಿನ ವಿವರ) ತುಂಬದೆ ಇದ್ದರೆ ಎಷ್ಟು ಒತ್ತಿದರೂ ಉಪಯೋಗವಿಲ್ಲ, ಕನೆಕ್ಷನ್ ಕೊಟ್ಟವರನ್ನೇ ಕರೆಯಬೇಕು.

ನಾನು ಕೈ ಸುಟ್ಟುಕೊಂಡದ್ದು ಹಳೇ ವೈರಿಂಗ್‌ನಲ್ಲಿ. ಮನೆಯ ಎಲ್ಲಾ ರೂಮಿನ ಫೋನೂ ಹೊಡೆದುಕೊಳ್ಳಲಿ ಅಂತ ಟೆಲ್ 1ರಿಂದ ಗೋಡೆಯ ಸಾಕೆಟ್‌ಗೆ ಒಂದು ವೈರ್ ಎಳೆದೆ. ಹೊರಗಿನ ತಾಮ್ರದ ಲೈನ್ ಇನ್ನೂ ಅದಕ್ಕೇ ಸೇರಿಕೊಂಡಿತ್ತು! ಎಕ್ಸ್‌ಚೇಂಜ್ ಆ ಲೈನಿಗೆ ಸುಮಾರು 48 ವೋಲ್ಟ್ ಬಿಡುತ್ತದೆ, ರಿಂಗ್ ಆಗುವಾಗ ಇನ್ನೂ ಜಾಸ್ತಿ. ರೂಟರಿನ ಪೋರ್ಟ್ ಕೂಡ ಫೋನಿಗೆ ತಾನೇ ಕರೆಂಟ್ ಕೊಡುತ್ತದೆ. ಎರಡೂ ಡಿಕ್ಕಿಯಾದವು, ಪೋರ್ಟ್ ಹೋಯಿತು. ಮನೆಯ ವೈರಿಂಗ್ ಬಳಸುವುದಾದರೆ ಹೊರಗಿನ ಲೈನನ್ನು ಮೊದಲು ಕಿತ್ತು ಹಾಕಿ. ಇಲ್ಲಾಂದ್ರೆ ಫೋನನ್ನು ನೇರ ರೂಟರಿಗೇ ಚುಚ್ಚಿ.

ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಒತ್ತಿ, 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಗೆಲ್ಲ ಅದೇ ನಿಯಮ. ಒತ್ತಿದ ಮೇಲೆ ಕೆಲವು ಸೆಕೆಂಡ್ ಮೌನ ಇರಬಹುದು, ಇನ್ನೂ ಅಂಕಿ ಬರುತ್ತದಾ ಅಂತ ರೂಟರ್ ಕಾಯುತ್ತಿರುತ್ತದೆ. ಹಲವು ರೂಟರ್‌ಗಳಲ್ಲಿ ಕೊನೆಗೆ ಹ್ಯಾಶ್ ಒತ್ತಿದರೆ ತಕ್ಷಣ ಹೋಗುತ್ತದೆ.

ಇನ್ನು ಕರೆಂಟ್. ಹಳೇ ಫೋನಿಗೆ ಎಕ್ಸ್‌ಚೇಂಜಿಂದಲೇ ಕರೆಂಟ್ ಬರುತ್ತಿತ್ತು, ಊರೆಲ್ಲ ಕತ್ತಲಾದರೂ ರಿಂಗ್ ಆಗುತ್ತಿತ್ತು. ಇದು ಹಾಗಲ್ಲ. ರೂಟರ್ ಆರಿದರೆ ಫೋನೂ ಆರಿತು. ನಮ್ಮ ಕಡೆ ಜುಲೈನಲ್ಲಿ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಗೊತ್ತಲ್ವಾ? ಅದಕ್ಕೆ ಒಂದು ಪುಟ್ಟ ಡಿಸಿ ಯುಪಿಎಸ್, ಅಂದ್ರೆ ರೂಟರಿಗೆ ನೇರ ಕರೆಂಟ್ ಕೊಡುವ ಬ್ಯಾಟರಿ ಡಬ್ಬಿ, ಇಟ್ಟಿದ್ದೇನೆ. ಕೊಳ್ಳುವ ಮುಂಚೆ ರೂಟರ್ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ನೋಡಿ, ನಮ್ಮದು 12. ಫೈಬರ್ ಡಬ್ಬಿ ಬೇರೆಯೇ ಇದ್ದರೆ ಅದಕ್ಕೂ ಬ್ಯಾಕಪ್ ಬೇಕು. ಕಾರ್ಡ್‌ಲೆಸ್ ಫೋನಿನ ಬೇಸ್‌ಗೂ ಕರೆಂಟ್ ಬೇಕಾದ್ದರಿಂದ ವೈರಿನ ಹಳೇ ಫೋನ್ ಒಂದನ್ನು ಎಸೆಯದೆ ಇಟ್ಟುಕೊಳ್ಳಿ.

ಗುಡುಗು ಕೇಳಿಸಿದರೆ ಮಾತ್ರ ನಾನು ಅಡಾಪ್ಟರನ್ನೂ, ರೈಟರ್ ಆಫೀಸಿಗೆ ಹೊರಗಿಂದ ಎಳೆದ ಫೋನ್ ವೈರನ್ನೂ ಕಿತ್ತಿಡುತ್ತೇನೆ.