ಆಲಮಟ್ಟಿಯ ನೀರು, ಸಂಜೆಯ ಕರೆಂಟು

ಆಲಮಟ್ಟಿ ಪವರ್ ಹೌಸಿನಲ್ಲಿ ಶಿಫ್ಟ್ ಮಾಡಿದವನು ನಾನು. ಅಲ್ಲಿ 55 ಮೆಗಾವ್ಯಾಟಿನ ಐದು ಯೂನಿಟ್, 15 ಮೆಗಾವ್ಯಾಟಿನದು ಒಂದು, ಒಟ್ಟು 290. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ಹಗಲು-ರಾತ್ರಿ ಎಲ್ಲವೂ ತಿರುಗುತ್ತವೆ. ಹೆಚ್ಚಾದ ನೀರು ಗೇಟಿನಿಂದ ಹೋಗುತ್ತದೆ. ತಲೆ ಓಡಿಸಬೇಕಾದದ್ದು ಒಳಹರಿವು ನಿಂತ ಮೇಲೆ.

ಆಮೇಲೆ ನೀರು ಬಿಡುವುದು ಕರೆಂಟಿಗಾಗಿ ಅಲ್ಲ. ಕೆಳಗಿನ ನಾರಾಯಣಪುರ ಜಲಾಶಯಕ್ಕೆ, ಅಲ್ಲಿಂದ ಕಾಲುವೆಗೆ. ಎಷ್ಟು ಬಿಡಬೇಕು ಅಂತ ನೀರಾವರಿಯವರು ಹೇಳುತ್ತಾರೆ. ಆದರೆ ದಿನದ ಲೆಕ್ಕ ಸರಿಹೋದರೆ ಸಾಕು. ಯಾವ ಗಂಟೆಗೆ ಬಿಟ್ಟರೂ ಆ ಜಲಾಶಯ ಹಿಡಿದುಕೊಳ್ಳುತ್ತದೆ, ಅಲ್ವಾ? ಹಾಗಾಗಿ ಅವರನ್ನು ಕೇಳಿ, ಇಡೀ ದಿನದ ನೀರನ್ನು ಆದಷ್ಟು ಸಂಜೆಗೆ ಇಟ್ಟುಕೊಳ್ಳುತ್ತಿದ್ದೆವು. ನಮ್ಮವು ಕಪ್ಲಾನ್ ಟರ್ಬೈನ್. ರೆಕ್ಕೆ ಹೊರಳುವುದರಿಂದ ಅರೆ ಲೋಡಿನಲ್ಲೂ ಜಾಸ್ತಿ ನಷ್ಟವಿಲ್ಲ. ಲಾಭ ಇರುವುದು ಹೊತ್ತಿನಲ್ಲಿ.

ಹೊತ್ತು ಇಳಿದಂತೆ ಸೋಲಾರ್ ಬಿದ್ದುಹೋಗುತ್ತದೆ, ಮನೆಗಳಲ್ಲಿ ದೀಪ ಹತ್ತುತ್ತವೆ. ಯಾರು ಎಷ್ಟು ಕರೆಂಟ್ ಕೊಡಬೇಕು ಅಂತ ಹೇಳುವ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ ಫೋನ್ ಬರುತ್ತದೆ. ಮೊದಲು ಸೈರನ್, ಹೊಳೆಯಲ್ಲಿ ಇಳಿದವರು ಮೇಲೆ ಬರಲಿ ಅಂತ. ಟರ್ಬೈನಿಗೆ ನೀರು ಬಿಡುವ ಗೈಡ್ ವೇನ್ ತುಸು ತೆರೆದರೆ ಮಷಿನ್ ಏಳುತ್ತದೆ. ಮಷಿನ್ ಗ್ರಿಡ್ಡಿನ ತಾಳಕ್ಕೆ ಹೊಂದಿತೋ ಇಲ್ಲವೋ ತೋರಿಸುವ ಸಿಂಕ್ರೋಸ್ಕೋಪಿನ ಮುಳ್ಳು ಮೊದಲು ಗಿರಗಿರ ಸುತ್ತಿ, ಆಮೇಲೆ ಮೆಲ್ಲಗಾಗುತ್ತದೆ. ಅದು ಗಡಿಯಾರದ ಹನ್ನೆರಡರ ಜಾಗ ಮುಟ್ಟಲು ಒಂಚೂರು ಮೊದಲು ಬ್ರೇಕರ್, ಅಂದರೆ ಗ್ರಿಡ್ಡಿಗೆ ಜೋಡಿಸುವ ಸ್ವಿಚ್, ಹಾಕಬೇಕು. ಕೆಲವೇ ನಿಮಿಷದಲ್ಲಿ ಯೂನಿಟ್ ಗ್ರಿಡ್ಡಿಗೆ ಸೇರಿ ಲೋಡ್ ಎತ್ತುತ್ತದೆ. ಹತ್ತಿರದ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರವಿದೆ, ಅದಕ್ಕೂ ನೀರು ನಮ್ಮ ಡ್ಯಾಮಿನದೇ. ಆದರೆ ಆರಿದ ಬಾಯ್ಲರ್ ಬಿಸಿಯಾಗಲು ಗಂಟೆಗಟ್ಟಲೆ ಬೇಕು.

ಡ್ಯಾಮಿನಿಂದ ವರ್ಷಕ್ಕೆ ಎಷ್ಟು ಕರೆಂಟ್ ಬಂತು ಅಂತ ಮಾತ್ರ ನೋಡಿದರೆ, ಬೇಕಾದ ಹೊತ್ತಿಗೆ ಬೇಗ ಕೊಡುವ ಈ ಗುಣ ಲೆಕ್ಕಕ್ಕೇ ಸಿಗುವುದಿಲ್ಲ. ನಮ್ಮಂಥ ದೇಶಗಳು ಹೊಸ ಡ್ಯಾಮಿಗೆ ಸಾಲ ಹುಡುಕುವ ಮುಂಚೆ, ಇರುವ ಡ್ಯಾಮಿನ ನೀರನ್ನು ಸೋಲಾರಿಗೂ ಗಾಳಿಯಂತ್ರಕ್ಕೂ ಹೊಂದಿಸಿ ಬಿಡುವುದನ್ನು ಕಲಿಯಬೇಕು. ಇದಕ್ಕೆ ಯಾರ ಹೊಲವೂ ಮುಳುಗಬೇಕಿಲ್ಲ.

ಮುಳುಗುವುದು ಅಂದರೆ ಏನು ಅಂತ ಬಾಗಲಕೋಟೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹಳೇ ಊರಿನ ಎಷ್ಟೋ ಓಣಿ ಹಿನ್ನೀರಿಗೆ ಹೋದವು, ಜನ ನವನಗರಕ್ಕೆ ಬಂದರು. ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಲು 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿದೆ. ಒಣ ಹೊಲಗಳಿಗೆ ಆ ನೀರು ಬೇಕು, ನಾನೂ ಅದರ ಪರ. ಆದರೆ ಹೊಲ ಬಿಟ್ಟುಕೊಡುವವರಿಗೆ ಪರಿಹಾರದ ದುಡ್ಡು, ಮನೆ ಕಟ್ಟುವ ಜಾಗ ಎರಡೂ ನೀರು ಏರುವ ಮೊದಲೇ ಕೈಸೇರಬೇಕು.